ಹೈದರನ ಕುದುರೆಗಳು

ಶ್ರೀರಂಗಪಟ್ಟಣದ ಗುಂಬಜಿನೊಳಗೆ ಮೂರು ಗೋರಿಗಳಿವೆ. ನೋಡಬಂದವರು ಟಿಪ್ಪುವಿನದು ಯಾವುದೆಂದು ಕೇಳಿ ತಿಳಿದುಕೊಂಡು, ಅದರೆದುರು ಒಂದು ಗಳಿಗೆ ನಿಂತು ಹಿಂದಿರುಗುತ್ತಾರೆ. ನಡುವಣ ಗೋರಿ ತಂದೆಯದು. ಈ ಕಟ್ಟಡ ಎದ್ದದ್ದೇ ಅವನಿಗಾಗಿ. ಆದರೆ ಮಗನ ಕೀರ್ತಿಯ ನೆರಳಿನಲ್ಲಿ ತಂದೆ ಮಸುಕಾಗಿದ್ದಾನೆ. ನಾಲ್ಕೈದು ಸಲ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೇನೆ. ಪ್ರತಿ ಸಲವೂ ಅವರಲ್ಲಿ ವಾದ ಹುಟ್ಟುತ್ತದೆ. ಹೈದರಾಲಿ ಅನ್ನವಿಟ್ಟ ಧಣಿಯ ಸಿಂಹಾಸನವನ್ನು ನುಂಗಿದವನೆಂದು ಒಬ್ಬರು, ಇಂಗ್ಲಿಷರನ್ನು ನಡುಗಿಸಿದ ವೀರನೆಂದು ಇನ್ನೊಬ್ಬರು. ಎರಡು ಪಕ್ಷದವರೂ ಅವನ ಬಾಳನ್ನು ಮೊದಲಿನಿಂದ ಕೊನೆಯವರೆಗೆ ಓದಿದವರಲ್ಲ.

ನಾನು ಚರಿತ್ರೆಯ ಅಧ್ಯಾಪಕನಲ್ಲ, ಕನ್ನಡದವನು. ನನ್ನನ್ನು ಹೈದರನ ಕಡೆಗೆ ಎಳೆದದ್ದು ಒಂದೆರಡು ಶಬ್ದಗಳು. ರಾಜಪುತ್ರನೆಂಬುದೇ ಸವೆದು ರಾವುತನಾಗಿ ಕುದುರೆಯೇರಿದವನಿಗೆ ಹೆಸರಾಯಿತು. ಕುದುರೆಗಳ ಅಧಿಕಾರಿ ನಮ್ಮ ಶಾಸನಗಳಲ್ಲಿ ಸಾಹಣಿ. ಈ ಹಳೆಯ ಮಾತುಗಳ ಪಕ್ಕದಲ್ಲಿ ಹದಿನೆಂಟನೆಯ ಶತಮಾನಕ್ಕೆ ಪಾಗೆ, ಬಾರ್ಗೀರ, ಸಿಲ್ಲೇದಾರ ಎಂಬ ಹೊಸ ಮಾತುಗಳು ಬಂದು ಕೂತವು. ಸ್ವಂತ ಕುದುರೆ ತಂದು ಸಂಬಳಕ್ಕೆ ನಿಂತವನು ಸಿಲ್ಲೇದಾರ. ದೊರೆಯ ಲಾಯದ ಕುದುರೆಯನ್ನು ಏರಿದವನು ಬಾರ್ಗೀರ. ಈ ಎರಡರ ನಡುವಣ ಅಂತರವನ್ನು ಹೈದರನಷ್ಟು ಚೆನ್ನಾಗಿ ಅರಿತವರು ಕಡಿಮೆ. ಸಿಲ್ಲೇದಾರನಿಗೆ ಕುದುರೆಯೇ ಮನೆ, ಹೊಲ, ಬಂಡವಾಳ ಎಲ್ಲ. ಅದು ಸತ್ತರೆ ಅವನು ಬೀದಿಪಾಲು. ಆದ್ದರಿಂದ ಗುಂಡಿನ ಎದುರಿಗೆ ಅದನ್ನು ನುಗ್ಗಿಸಲು ಅವನ ಕೈ ಸಹಜವಾಗಿಯೇ ಹಿಂದೆಗೆಯುತ್ತದೆ. ಲಾಯದ ಕುದುರೆಯ ಸವಾರನಿಗೆ ಆ ಚಿಂತೆಯಿಲ್ಲ.

ಹೈದರನು ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ, 1721ರ ಸುಮಾರಿಗೆ. ತಂದೆ ಫತೇ ಮಹಮ್ಮದ್ ಸಿರಾದ ನವಾಬನ ಸೇವೆಯಲ್ಲಿ ಹೋರಾಡುತ್ತ ಮಡಿದಾಗ ಇವನಿನ್ನೂ ಎಳೆಯ ಕೂಸು. ತಂದೆಯ ಸಾಲದ ನೆಪ ಹಿಡಿದು ದೊಡ್ಡಬಳ್ಳಾಪುರದ ಜಹಗೀರುದಾರನ ಮನೆಯವರು ಈ ಕುಟುಂಬವನ್ನು ಸುಲಿದರು. ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ಕೂಡಿಸಿ, ಚರ್ಮ ಬಿಗಿದು ಬಾರಿಸಿ, ತಾಯಿಯಿಂದ ಹಣ ಕಿತ್ತರೆಂದು ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಆ ನಗಾರಿಯ ಕತ್ತಲೆ ಹೈದರನನ್ನು ಕೊನೆಯವರೆಗೂ ಬಿಡಲಿಲ್ಲವೆಂದು ನನಗೆ ತೋರುತ್ತದೆ. ಮುಂದೆ ಯಾರನ್ನೂ ಪೂರ್ತಿ ನಂಬದ, ಹಣವನ್ನು ಎಂದೂ ಮರೆಯದ ಮನಸ್ಸು ಅವನದಾಯಿತು.

ಅಣ್ಣನ ಬೆನ್ನು ಹಿಡಿದು ಮೈಸೂರಿನ ಸೈನ್ಯಕ್ಕೆ ಬಂದ ಹೈದರನಿಗೆ ಮೂವತ್ತು ಸಮೀಪಿಸುವ ಹೊತ್ತಿಗೂ ಹೇಳಿಕೊಳ್ಳುವಂಥ ಪದವಿಯೇನೂ ಇರಲಿಲ್ಲ. ಓದುಬರಹ ಕಲಿಯಲಿಲ್ಲ, ಕಡೆಯ ತನಕ ಹೆಸರಿನ ಮೊದಲ ಅಕ್ಷರವೊಂದನ್ನು ಗೀಚುವುದೇ ಅವನ ರುಜು. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಅವನ ಧೈರ್ಯ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಬಹುಮಾನವಾಗಿ ದೊರೆತದ್ದು 50 ಕುದುರೆ ಮತ್ತು 200 ಕಾಲಾಳುಗಳ ನಾಯಕತ್ವ. ಮುಂದಿನ ವರ್ಷದ ಕೊನೆಯಲ್ಲಿ ದಖ್ಖನಿನ ಸುಬೇದಾರ ನಾಸಿರ್ ಜಂಗ್ ಜಿಂಜಿಯ ಬಳಿ ಕೊಲೆಯಾದಾಗ, ಆ ಗದ್ದಲದಲ್ಲಿ ಅವನ ಖಜಾನೆಯ ಒಂದು ಪಾಲು ಹೈದರನ ಬೇಡರ ಕೈಸೇರಿತು. ಆ ಹಣ ಹೈದರನಿಗೆ ಕುದುರೆಯಾಯಿತು, ಬಂದೂಕವಾಯಿತು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ ಮೇಲಂತೂ, ಗಾಯಾಳುಗಳ ಭತ್ಯಕ್ಕಾಗಿ ಗಾಯವಿಲ್ಲದವರಿಗೂ ಪಟ್ಟಿ ಕಟ್ಟಿಸಿ, ದಂಡನ್ನು ಸುತ್ತುಬಳಸಿ ನಡೆಸಿ ಒಬ್ಬನನ್ನೇ ಎರಡು ಸಲ ಎಣಿಸಿ, ಅರಮನೆಯ ಲೆಕ್ಕದವರನ್ನು ನಗುನಗುತ್ತ ಏಮಾರಿಸಿದನಂತೆ. ಲೆಕ್ಕ ಹಿಡಿದವನು ಖಂಡೇರಾಯ. ಓದುಬಾರದ ಯಜಮಾನನಿಗೆ ಅವನೇ ಕಣ್ಣು.

ಆ ಕಣ್ಣೇ 1760ರಲ್ಲಿ ತಿರುಗಿಬಿತ್ತು. ಹೈದರನ ಬಲ ಮೇರೆ ಮೀರಿದ್ದನ್ನು ಕಂಡು ಅರಮನೆಯವರು ಖಂಡೇರಾಯನನ್ನು ತಮ್ಮ ಕಡೆಗೆ ಒಲಿಸಿಕೊಂಡರು. ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಕೋಟೆಯ ಹೊರಗೆ ಬೀಡುಬಿಟ್ಟಿದ್ದ ಹೈದರನ ಮೇಲೆ ಕೋಟೆಯ ಫಿರಂಗಿಗಳು ಹಾರಿದವು. ಅವನ ದೊಡ್ಡ ದಂಡು ಫ್ರೆಂಚರ ನೆರವಿಗೆ ದೂರ ಹೋಗಿತ್ತು. ಕಾವೇರಿ ತುಂಬಿ ಹರಿಯುತ್ತಿತ್ತು. ಆ ರಾತ್ರಿ ಹೆಂಡತಿಯನ್ನೂ ಒಂಬತ್ತು ವರ್ಷದ ಟಿಪ್ಪುವನ್ನೂ ಅಲ್ಲೇ ಬಿಟ್ಟು, ನೂರರಷ್ಟು ಸವಾರರೊಡನೆ ಹೊಳೆ ದಾಟಿ ಆನೇಕಲ್ಲಿನ ದಾರಿ ಹಿಡಿದ. ಅಲ್ಲಿಂದ ಬೆಂಗಳೂರು. ಇಪ್ಪತ್ತು ಗಂಟೆಗಳಲ್ಲಿ 98 ಮೈಲಿ. ಅದರಲ್ಲಿ ಮೊದಲ 75 ಮೈಲಿ ಒಂದೇ ಕುದುರೆಯ ಮೇಲೆ ಎಂದು ವಿಲ್ಕ್ಸನ ಲೆಕ್ಕ. ಆ ಕುದುರೆಯ ಬಣ್ಣವನ್ನಾಗಲಿ ಹೆಸರನ್ನಾಗಲಿ ನಾನು ಓದಿದ ಯಾವ ಪುಸ್ತಕವೂ ಹೇಳುವುದಿಲ್ಲ. ಅದು ನಡುದಾರಿಯಲ್ಲಿ ಕುಸಿದಿದ್ದರೆ ಮೈಸೂರಿನ ಚರಿತ್ರೆಯ ಮುಂದಿನ ನಲವತ್ತು ವರ್ಷಗಳು ಬೇರೆಯೇ ಆಗುತ್ತಿದ್ದವು.

ಹೈದರನು ಹಿಂದಿರುಗಿ ಗೆದ್ದ ಬಗೆ ಕುದುರೆಯ ಸವಾರನಿಗಿಂತ ಚದುರಂಗದ ಆಟಗಾರನಿಗೆ ಒಪ್ಪುವಂಥದು. ಬಯಲಿನಲ್ಲಿ ಖಂಡೇರಾಯನೆದುರು ಸೋತು, ತಾನೇ ಮೂಲೆಗೊತ್ತಿದ್ದ ನಂಜರಾಜಯ್ಯನ ಬಳಿಗೆ ಹೋಗಿ ಅವನ ಕಾಲಿಗೆ ಬಿದ್ದ. ಮುದುಕ ಕರಗಿದ. ಆ ಮೇಲೆ ಅವನ ಹೆಸರಿನಲ್ಲಿ ಖಂಡೇರಾಯನ ಸರದಾರರಿಗೆ ಬರೆದ ಸುಳ್ಳು ಕಾಗದಗಳು, ಖಂಡೇರಾಯನ ಕೈಗೇ ಸಿಕ್ಕುವಂತೆ, ಹೊರಟವು. ತನ್ನವರೇ ತನ್ನನ್ನು ಮಾರಿದರೆಂದು ಬೆದರಿ ಅವನು ಪಾಳೆಯ ಬಿಟ್ಟು ಪಟ್ಟಣಕ್ಕೆ ಓಡಿದ. 1761ರಲ್ಲಿ ಶ್ರೀರಂಗಪಟ್ಟಣ ಹೈದರನ ವಶವಾಯಿತು. ಖಂಡೇರಾಯನನ್ನು ಕೊಲ್ಲಬಾರದೆಂದು ಅರಮನೆಯ ಹೆಂಗಸರು ಬೇಡಿಕೊಂಡಾಗ, ಗಿಳಿಯಂತೆ ಸಾಕುತ್ತೇನೆಂದು ಮಾತು ಕೊಟ್ಟು, ಅವನನ್ನು ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನೆಂಬ ಕಥೆ ಎಲ್ಲರಿಗೂ ಗೊತ್ತು. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಗಾರಿಯೊಳಗಿದ್ದ ಮಗು ಬೆಳೆದು ಇನ್ನೊಬ್ಬನಿಗೆ ಪಂಜರ ಮಾಡಿಸಿತು.

1763ರಲ್ಲಿ ಬಿದನೂರು ಅವನದಾಯಿತು. ತನ್ನ ದೊಡ್ಡತನಕ್ಕೆ ಅದೇ ಬುನಾದಿಯೆಂದು ಹೈದರನೇ ಹೇಳಿಕೊಳ್ಳುತ್ತಿದ್ದನಂತೆ. ಅಲ್ಲಿಯ ಹೊನ್ನಿನ ಮಾತನ್ನು ಎಲ್ಲರೂ ಆಡುತ್ತಾರೆ. ನಾನು ಮಂಗಳೂರಿನ ಮಾತನ್ನು ಆಡುತ್ತೇನೆ. ನಮ್ಮ ಸೀಮೆಯ ಹವೆ ಹುಲ್ಲುಗಳು ದೊಡ್ಡ ತಳಿಯ ಕುದುರೆಗೆ ಒಗ್ಗುವಂಥವಲ್ಲ. ಹೊಯ್ಸಳರ ಕಾಲದಿಂದಲೂ ಒಳ್ಳೆಯ ಕುದುರೆ ಬರುತ್ತಿದ್ದುದು ಅರಬ್ಬಿ ಸಮುದ್ರ ದಾಟಿ, ಪಡುವಣ ರೇವುಗಳಿಗೆ. ರೇವು ಕೈಗೆ ಬಂದ ಮೇಲೆ ಹೈದರನು ಕುದುರೆಯ ವ್ಯಾಪಾರಿಗಳಿಗೆ ಧಾರಾಳಿಯಾದ. ತನ್ನ ಗಡಿಯೊಳಗೆ ದಾರಿಯಲ್ಲಿ ಕುದುರೆ ಸತ್ತರೂ, ಅದರ ಬಾಲವನ್ನು ಸಾಕ್ಷಿಯಾಗಿ ತಂದ ವ್ಯಾಪಾರಿಗೆ ಅರ್ಧ ಬೆಲೆ ಕೊಡಿಸುತ್ತಿದ್ದನೆಂದು ಹೇಳುತ್ತಾರೆ. ಹೀಗೆ ಮಾಡಿದರೆ ವ್ಯಾಪಾರಿಗಳು ಬೇರೆ ದೊರೆಯ ಬಾಗಿಲಿಗೆ ಏಕೆ ಹೋದಾರು? ಫಿರಂಗಿಗಳನ್ನು ಎಳೆಯಲು ಮಾತ್ರ ಅವನು ನಮ್ಮ ಎತ್ತುಗಳನ್ನೇ ನಂಬಿದ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ದನಗಳ ಸಂತತಿ, ಮುಂದೆ ಅಮೃತಮಹಲ್ ಎಂದು ಹೆಸರಾದದ್ದು, ಅವನ ದಂಡಿನ ಬೆನ್ನೆಲುಬು.

1769ರ ಮಾರ್ಚಿಯಲ್ಲಿ ಈ ಸಿದ್ಧತೆಯ ಫಲ ಇಂಗ್ಲಿಷರಿಗೆ ತಿಳಿಯಿತು. ಭಾರದ ಸಾಮಾನನ್ನೆಲ್ಲ ಹಿಂದೆ ಕಳಿಸಿ, ಆರಿಸಿದ 6,000 ಕುದುರೆಗಳೊಡನೆ ಮೂರೂವರೆ ದಿನಗಳಲ್ಲಿ 130 ಮೈಲಿ ನಡೆದು ಹೈದರನು ಮದರಾಸಿನ ಬಾಗಿಲಲ್ಲಿ ನಿಂತ. ಅಟ್ಟಿಸಿಕೊಂಡು ಬರುತ್ತಿದ್ದ ಇಂಗ್ಲಿಷ್ ದಂಡು ಎಲ್ಲೋ ಹಿಂದೆ ಉಳಿದಿತ್ತು. ಏಪ್ರಿಲಿನಲ್ಲಿ ಒಪ್ಪಂದವಾಯಿತು: ಒಬ್ಬರ ಮೇಲೆ ಯಾರಾದರೂ ಬಿದ್ದರೆ ಇನ್ನೊಬ್ಬರು ನೆರವಾಗಬೇಕು.

ಆ ಮಾತು ಪರೀಕ್ಷೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1770ರಲ್ಲಿ ಪೇಶ್ವೆ ಮಾಧವರಾಯನೇ ದಂಡೆತ್ತಿ ಬಂದ. ಕಾಯಿಲೆ ಬಿದ್ದು ಹಿಂದಿರುಗುವಾಗ ದಂಡನ್ನು ತ್ರ್ಯಂಬಕರಾಯನಿಗೆ ಒಪ್ಪಿಸಿದ. ಹೈದರನು ಇಂಗ್ಲಿಷರಿಗೆ ಬರೆದ, ನೆರವು ಬರಲಿಲ್ಲ. 1771ರ ಮಾರ್ಚಿಯ ಮೊದಲ ವಾರದಲ್ಲಿ ಅವನು ಮೇಲುಕೋಟೆಯ ಬೆಟ್ಟಗಳ ನಡುವೆ ಸಿಕ್ಕಿಕೊಂಡಿದ್ದ.

ಮುಂದಿನ ಕಥೆ ನಡೆದ ಜಾಗ ಪಾಂಡವಪುರ ತಾಲ್ಲೂಕಿನ ಚಿನಕುರಳಿ. ಒಂದು ಮಾಘಮಾಸದಲ್ಲಿ ಹತ್ತು ಹನ್ನೆರಡು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆ. ಮೊದಲು ತೊಣ್ಣೂರಿನ ಕೆರೆ ನೋಡಿದೆವು. ಅದಕ್ಕೆ ಮೋತಿ ತಲಾಬ್, ಮುತ್ತಿನ ಕೆರೆ ಎಂದು ಹೆಸರಿಟ್ಟವನು ಅದೇ ನಾಸಿರ್ ಜಂಗ್. ಯಾರ ಖಜಾನೆಯ ಹಣದಿಂದ ಹೈದರನು ಕುದುರೆ ಕೊಂಡನೋ ಅವನು. ಆ ಕುದುರೆಗಳ ಸಂಪತ್ತು ಕರಗಿದ್ದು ಈ ಕೆರೆಯ ಸುತ್ತಿನಲ್ಲೇ.

ರಾತ್ರಿ ಕತ್ತಲೆಯಲ್ಲಿ ಸದ್ದಿಲ್ಲದೆ ಇಪ್ಪತ್ತು ಮೈಲಿ ದೂರದ ಶ್ರೀರಂಗಪಟ್ಟಣಕ್ಕೆ ಜಾರಿಕೊಳ್ಳಬೇಕೆಂಬುದು ಹೈದರನ ಯೋಚನೆ. ಅಂದು ಅವನು ಮಿತಿಮೀರಿ ಕುಡಿದಿದ್ದನೆಂದೂ, ಅಪ್ಪಣೆ ತಡವಾಗಿ ನಡೆಯಿತೆಂದು ಮಗ ಟಿಪ್ಪುವನ್ನು ಎಲ್ಲರೆದುರು ಬಡಿದನೆಂದೂ, ಟಿಪ್ಪು ರುಮಾಲು ಕತ್ತಿಗಳನ್ನು ನೆಲಕ್ಕೆಸೆದು ಆ ದಿನ ಹೋರಾಡುವುದಿಲ್ಲವೆಂದು ಆಣೆಯಿಟ್ಟನೆಂದೂ ವಿಲ್ಕ್ಸ್ ಬರೆಯುತ್ತಾನೆ. ನಡಿಗೆಯ ನಡುವೆ ಯಾರೋ ಹಾರಿಸಿದ ಒಂದು ಫಿರಂಗಿ ಗುಟ್ಟನ್ನು ರಟ್ಟು ಮಾಡಿತು. ಬೆಳಕು ಹರಿಯುವ ವೇಳೆಗೆ ಮರಾಠರ ಕುದುರೆಗಳು ಸುತ್ತಲೂ ಇದ್ದವು. ಚಿನಕುರಳಿಯ ಬಳಿ ಒಂದು ಬಾಣ ಬಂದು ಮದ್ದಿನ ಬಂಡಿಗೆ ತಗುಲಿ ಸಿಡಿಯಿತು, ಸಾಲುಗಳು ಒಡೆದವು, ಆಮೇಲೆ ನಡೆದದ್ದು ಯುದ್ಧವಲ್ಲ. ಹೈದರನು ವೇಗದ ಕುದುರೆಯೊಂದನ್ನೇರಿ ದಂಡನ್ನು ಹಿಂದೆ ಬಿಟ್ಟು ಪಟ್ಟಣ ಸೇರಿದ. ಅಲ್ಲಿ ಹೊಳೆಯ ಬಳಿಯ ಒಂದು ದರ್ಗಾದಲ್ಲಿ ಮಗ ಸತ್ತನೆಂದು ಮರುಗುತ್ತ ಕುಳಿತಿದ್ದಾಗ, ಬೈರಾಗಿಯ ವೇಷದಲ್ಲಿ ಟಿಪ್ಪು ಬಂದು ಸೇರಿದನಂತೆ.

ಮೇಲುಕೋಟೆಯ ಗತಿ ಇನ್ನೂ ಕೆಟ್ಟದಾಯಿತು. ಊರಿನವರು ಕಾಡಿಗೆ ಓಡಿದರು. ತೇರುಗಳಿಗೆ ಬಿಗಿದಿದ್ದ ಕಬ್ಬಿಣಕ್ಕಾಗಿ ಮರಾಠ ದಂಡಿನವರು ತೇರುಗಳಿಗೆ ಬೆಂಕಿಯಿಟ್ಟರು. ಉರಿ ಗುಡಿಗಳಿಗೂ ಹಬ್ಬಿತು. ಹಿಂದೂ ಮುಸಲ್ಮಾನರ ಜಗಳವಾಗಿಯೇ ಈ ಶತಮಾನವನ್ನು ಓದುವವರು ಈ ಒಂದು ಸಂಗತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ನಾನು ಹುಡುಗರಿಗೆ ಇದನ್ನೆಲ್ಲ ವಿವರಿಸುತ್ತಿರುವಾಗ, ಕೃಷ್ಣರಾಜಪೇಟೆಯ ಕಡೆಯ ವಯಸ್ಸಾದ ರೈತರೊಬ್ಬರು ಬದುವಿನ ಮೇಲೆ ಕುಳಿತು ಕೇಳುತ್ತಿದ್ದರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ಕುದುರೆಗೆ ಹುರುಳಿ ಎಲ್ಲಿಂದ ತರುತ್ತಿದ್ದರು, ಮೇಷ್ಟ್ರೇ? ನಾನು ತಬ್ಬಿಬ್ಬಾದೆ. ಅವರೇ ಲೆಕ್ಕ ಹಾಕಿದರು. ಕುದುರೆಯೊಂದಕ್ಕೆ ದಿನಕ್ಕೆ ಎರಡು ಮೂರು ಸೇರು ಬೇಯಿಸಿದ ಹುರುಳಿಯಾದರೂ ಬೇಕು. ಆರು ಸಾವಿರ ಕುದುರೆಗೆ ಒಂದು ದಿನಕ್ಕೇ ಹನ್ನೆರಡು ಸಾವಿರ ಸೇರಿಗೆ ಕಡಿಮೆಯಿಲ್ಲ. ಹುಲ್ಲು ಬೇರೆ. ಹಾಗಾದರೆ, ಕುದುರೆ ಬಂದ ಊರಿನಲ್ಲಿ ಆ ವರ್ಷ ಬಿತ್ತನೆಗೆ ಕಾಳು ಉಳಿಯುತ್ತಿರಲಿಲ್ಲ ಎಂದು ಹೇಳಿ, ಟವೆಲು ಕೊಡವಿ, ಅವರು ಎದ್ದು ಹೋದರು.

ಅಂದಿನಿಂದ ಹೈದರನ ಬಾಳನ್ನು ನಾನು ಬೇರೆ ರೀತಿ ಓದುತ್ತಿದ್ದೇನೆ. ನಾಗಮಂಗಲ, ಅತ್ತಿಗುಪ್ಪೆ, ಹಿರೋಡೆಗಳ ಹೊಲಗಳ ಮೇಲೆ ಮರಾಠರ ಕುದುರೆ ಒಂದು ವರ್ಷಕ್ಕೂ ಮೀರಿ ಮೇಯಿತು. 1772ರಲ್ಲಿ ಹಣ ತೆತ್ತು, ಸೀಮೆಗಳನ್ನು ಬಿಟ್ಟುಕೊಟ್ಟು ಹೈದರನು ಬಿಡುಗಡೆ ಪಡೆದ. ಅದೇ ನವೆಂಬರಿನಲ್ಲಿ ಮಾಧವರಾಯ ತೀರಿಕೊಂಡ. ಎರಡು ವರ್ಷಗಳೊಳಗೆ ಹೋದದ್ದನ್ನೆಲ್ಲ ಹೈದರನು ಮರಳಿ ಪಡೆದ. ಚಿನಕುರಳಿಯಲ್ಲಿ ಕಳೆದುಕೊಂಡ ಕುದುರೆಗಳ ಬದಲು ಹೊಸವು ಬಂದವು. ಇಂಗ್ಲಿಷರು ಮಾತು ತಪ್ಪಿದ್ದನ್ನು ಮಾತ್ರ ಅವನು ಮರೆಯಲಿಲ್ಲ.

1780ರ ಜುಲೈಯಲ್ಲಿ ಹೈದರನ ಮಹಾಸೈನ್ಯ ಕರ್ನಾಟಿಕಕ್ಕೆ ಇಳಿಯಿತು. ಸೆಪ್ಟೆಂಬರ್ 10ರಂದು ಪೊಳಲೂರಿನಲ್ಲಿ ಕರ್ನಲ್ ಬೇಲಿಯ ದಂಡು ನುಚ್ಚುನೂರಾಯಿತು. ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಚಿತ್ರವಿದೆ. ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುವುದನ್ನು ಚಿತ್ರಕಾರ ಮರೆಯದೆ ಬರೆದಿದ್ದಾನೆ. ಒಂಬತ್ತು ವರ್ಷ ಹಿಂದೆ ಚಿನಕುರಳಿಯಲ್ಲಿ ಸಿಡಿದದ್ದು ಹೈದರನ ಬಂಡಿ. ಆ ಗೋಡೆಯಲ್ಲಿ ಕಾಣಿಸದ ಚಿತ್ರವೂ ಒಂದಿದೆ. ಮದರಾಸಿನ ಸುತ್ತಣ ಹಳ್ಳಿಗಳನ್ನು ಹೈದರನ ಸವಾರರು ಸುಟ್ಟರು. ಶತ್ರುವಿಗೆ ಕಾಳು ಸಿಗಬಾರದೆಂದು ಬೆಳೆಯನ್ನೂ ಜನವನ್ನೂ ಎಬ್ಬಿಸಿ ಓಡಿಸಿದರು. ನಮ್ಮ ಸೀಮೆಯ ರೈತ ಮರಾಠರಿಂದ ಪಟ್ಟದ್ದನ್ನೇ ತಮಿಳು ರೈತ ಹೈದರನಿಂದ ಪಟ್ಟ. ಅವನನ್ನು ವೀರನೆನ್ನುವ ನನ್ನ ವಿದ್ಯಾರ್ಥಿಗಳಿಗೂ ದ್ರೋಹಿಯೆನ್ನುವವರಿಗೂ ನಾನು ಈ ಎರಡನ್ನೂ ಒಟ್ಟಿಗೆ ಓದಿರೆಂದು ಹೇಳುತ್ತೇನೆ. ಇಬ್ಬರಿಗೂ ಅದು ರುಚಿಸುವುದಿಲ್ಲ.

1781ರ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಐರ್ ಕೂಟನೆದುರು ಹೈದರನು ಸೋತ. ಸೋತರೂ ಯುದ್ಧ ನಿಲ್ಲಲಿಲ್ಲ. ಆ ವೇಳೆಗೆ ಅವನಿಗೆ ಅರವತ್ತಾಗಿತ್ತು; ಬೆನ್ನಿನ ಮೇಲೆ ಕೆಟ್ಟ ಹುಣ್ಣು ಎದ್ದಿತ್ತು. ಸವಾರನಿಗೆ ಬೆನ್ನಿನ ಹುಣ್ಣಿಗಿಂತ ಕ್ರೂರವಾದ ಬೇನೆ ಇರಲಾರದು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಅವನ ಪ್ರಾಣ ಹೋಯಿತು. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ದಂಡು ಚದುರುವುದೆಂದು ಪೂರ್ಣಯ್ಯ, ಕೃಷ್ಣರಾಯರು ಗುಟ್ಟನ್ನು ಕಾಪಾಡಿದರು. ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ, ತಂದೆಯ ಗೋರಿಯ ಬಳಿಗೆ ಕಳಿಸಿದರು. ಅಲ್ಲಿಂದ ಮುಂದೆ ಅದು ಶ್ರೀರಂಗಪಟ್ಟಣದ ಗುಂಬಜಿಗೆ ಬಂತು. ಪಾಳೆಯದಲ್ಲಿ ಮಾತ್ರ ದಿನದ ಕಟ್ಟಲೆ ತಪ್ಪಲಿಲ್ಲ. ಸರದಾರರು ಎಂದಿನಂತೆ ಬಂದರು, ಕಾಗದಪತ್ರ ನಡೆದವು. ನಿತ್ಯದ ಹೊತ್ತಿಗೆ ಸರಿಯಾಗಿ, ಪರದೆ ಇಳಿಬಿಟ್ಟ ಪಲ್ಲಕ್ಕಿಯೊಂದು ಹೈದರನ ಡೇರೆಯಿಂದ ಹೊರಟು, ಕುದುರೆಗಳ ಸಾಲುಗಳ ನಡುವೆ, ಬರಿದಾಗಿಯೇ ಸಾಗಿತು.