ವ್ಯಕ್ತಿ ಪರಿಚಯ: ಫ್ಯಾನಿ ಲೂ ಹೇಮರ್ (1917–1977)



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಗಡಿನಾಡಿನ ಹಿರಿಯರನ್ನೇ ನೆನೆಯುತ್ತೇವೆ. ಈ ಸಲ ದೂರದ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹೆಣ್ಣುಮಗಳೊಬ್ಬರ ಪರಿಚಯ ಕೊಡುತ್ತಿದ್ದೇವೆ. ಹತ್ತಿ ಬಿಡಿಸುವ ಕೂಲಿಯಾಗಿದ್ದ ಈಕೆ 1964ರಲ್ಲಿ ತಮ್ಮ ಪಕ್ಷದ ಒಳಚುನಾವಣೆಗೆ ನಿಂತು 621 ಮತ ಪಡೆದು ಸೋತರು. ಸೋತವರು ಸುಮ್ಮನಾಗಲಿಲ್ಲ, ಪಕ್ಷ ಬಿಟ್ಟೂ ಹೋಗಲಿಲ್ಲ. ಆ ಪಕ್ಷವನ್ನೇ ತಿದ್ದಬೇಕೆಂದು ಕೊನೆಯವರೆಗೂ ಹಟ ಹಿಡಿದರು. ಆ ಹಟದ ಫಲ ಇಂದಿಗೂ ಆ ಪಕ್ಷದ ನಿಯಮಗಳಲ್ಲಿದೆ.

ಫ್ಯಾನಿ ಲೂ ಹುಟ್ಟಿದ್ದು 1917ರ ಅಕ್ಟೋಬರ್ 6ರಂದು. ತಂದೆ ಜೇಮ್ಸ್ ಲೀ ಟೌನ್‌ಸೆಂಡ್, ತಾಯಿ ಲೂ ಎಲ್ಲಾ. ಇಪ್ಪತ್ತು ಮಕ್ಕಳಲ್ಲಿ ಈಕೆಯೇ ಕೊನೆಯವರು. ಮನೆಯವರೆಲ್ಲ ಬಿಳಿಯ ಜಮೀನುದಾರರ ಹೊಲವನ್ನು ಪಾಲಿಗೆ ಮಾಡುವವರು. ಬೀಜ, ಗೊಬ್ಬರ, ಮನೆಗೆ ಬೇಕಾದ ಕಾಳುಕಡಿ ಎಲ್ಲ ಧಣಿಯ ಅಂಗಡಿಯಿಂದ ಸಾಲವಾಗಿ ಬರುತ್ತಿತ್ತು. ಸುಗ್ಗಿಯಲ್ಲಿ ಲೆಕ್ಕ ಬರೆಯುವವನೂ ಧಣಿಯೇ. ವರ್ಷವಿಡೀ ದುಡಿದರೂ ಕೊನೆಗೆ ಸಾಲವೇ ಉಳಿಯುತ್ತಿತ್ತು. ಫ್ಯಾನಿ ಲೂ ಆರನೆಯ ವಯಸ್ಸಿಗೇ ಹೊಲಕ್ಕಿಳಿದರು. ಪೋಲಿಯೊದಿಂದ ಕಾಲು ಸ್ವಲ್ಪ ಕುಂಟುತ್ತಿತ್ತು. ಹದಿಮೂರರ ಹೊತ್ತಿಗೆ ದಿನಕ್ಕೆ ಇನ್ನೂರು ಪೌಂಡಿಗಿಂತ ಹೆಚ್ಚು ಹತ್ತಿ ಬಿಡಿಸುತ್ತಿದ್ದರಂತೆ. ಒಮ್ಮೆ ತಂದೆ ಹೇಗೋ ಹಣ ಕೂಡಿಸಿ ಸ್ವಂತ ಹೇಸರಗತ್ತೆಗಳನ್ನು ಕೊಂಡರು. ಕರಿಯರ ಮನೆ ಮೇಲೆ ಬರುವುದನ್ನು ಸಹಿಸದ ಯಾರೋ ಅವುಗಳ ಮೇವಿಗೆ ವಿಷ ಬೆರೆಸಿದರು. ಮನೆ ಮತ್ತೆ ಮೊದಲಿನ ಸ್ಥಿತಿಗೇ ಬಂತು. ಶಾಲೆ ಹನ್ನೆರಡರ ಸುಮಾರಿಗೇ ನಿಂತಿತ್ತು.

ಪೆರಿ ಹೇಮರ್ ಅವರನ್ನು ಮದುವೆಯಾದ ಮೇಲೆ ಸನ್‌ಫ್ಲವರ್ ಕೌಂಟಿಯ ರೂಲ್‌ವಿಲ್ ಊರಿನ ಹತ್ತಿರದ ಒಂದು ಹತ್ತಿ ತೋಟದಲ್ಲಿ ಇಬ್ಬರೂ ದುಡಿದರು. ಓದು ಬರಹ ಬಲ್ಲವರೆಂದು ಕೂಲಿಗಳ ಹಾಜರಿ, ತೂಕ ಬರೆಯುವ ಕೆಲಸ ಇವರಿಗೆ ಬಂತು. 1961ರಲ್ಲಿ ಗಡ್ಡೆ ತೆಗೆಸಲೆಂದು ಆಸ್ಪತ್ರೆಗೆ ಹೋದಾಗ, ಇವರ ಒಪ್ಪಿಗೆ ಕೇಳದೆಯೇ ಗರ್ಭಕೋಶ ತೆಗೆದುಹಾಕಿದರು. ಬಡ ಕರಿಯ ಹೆಂಗಸರಿಗೆ ಅಲ್ಲಿ ಇದು ಅಪರೂಪದ ಅನ್ಯಾಯವಾಗಿರಲಿಲ್ಲ. ದಂಪತಿಗಳು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿಕೊಂಡರು.

ತಮಗೆ ಮತ ಹಾಕುವ ಹಕ್ಕಿದೆ ಎಂಬುದು ಇವರಿಗೆ ತಿಳಿದದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ. 1962ರ ಆಗಸ್ಟಿನಲ್ಲಿ ರೂಲ್‌ವಿಲ್‌ನ ಚರ್ಚಿನಲ್ಲಿ ವಿದ್ಯಾರ್ಥಿ ಸಂಘಟನೆಯ ಹುಡುಗರು ಸಭೆ ನಡೆಸಿದರು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಯಾರು ಬರುತ್ತೀರಿ ಎಂದು ಕೇಳಿದಾಗ ಇವರು ಕೈ ಎತ್ತಿದರು. ಆಗಸ್ಟ್ 31ರಂದು ಹಳೆಯದೊಂದು ಬಸ್ಸಿನಲ್ಲಿ ಕೌಂಟಿ ಕಚೇರಿ ಇದ್ದ ಇಂಡಿಯನೋಲಾಕ್ಕೆ ಹೋದರು.

ಕಚೇರಿಯ ಕೆಲಸ ಬಲ್ಲವರಿಗೆ ಇದು ಅರ್ಥವಾದೀತು: ಒಬ್ಬರ ಹಕ್ಕನ್ನು ತಡೆಯಲು ಬಂದೂಕು ಬೇಕಿಲ್ಲ, ಅರ್ಜಿ ನಮೂನೆ ಸಾಕು. ಅಲ್ಲಿಯ ನಮೂನೆಯಲ್ಲಿ ಎಲ್ಲಿ ವಾಸ, ಯಾರ ಹತ್ತಿರ ಕೆಲಸ ಎಂದು ಬರೆಯಬೇಕಿತ್ತು. ಅರ್ಜಿದಾರರ ಹೆಸರು ಊರಿನ ಪತ್ರಿಕೆಯಲ್ಲಿ ಪ್ರಕಟವಾಗುತ್ತಿತ್ತು. ಧಣಿಗೆ ಬೇರೆ ಚಾಡಿ ಬೇಕಿರಲಿಲ್ಲ. ಅದರ ಮೇಲೆ ರಾಜ್ಯ ಸಂವಿಧಾನದ ಒಂದು ಕಲಮನ್ನು ನಕಲು ಮಾಡಿ ಅದರ ಅರ್ಥ ವಿವರಿಸಬೇಕು. ಸರಿಯೋ ತಪ್ಪೋ ಹೇಳುವವನು ಆ ಗುಮಾಸ್ತನೇ. ಹೇಮರ್ ಅವರು ಮೊದಲ ಸಲ ನಪಾಸಾದರು. ಮರಳುವಾಗ ಪೊಲೀಸರು ಬಸ್ಸು ತಡೆದು, ಬಸ್ಸಿನ ಹಳದಿ ಬಣ್ಣ ಅತಿಯಾಯಿತು ಎಂದು ದಂಡ ಹಾಕಿದರು. ಒಳಗೆ ಹೆದರಿ ಕೂತಿದ್ದವರಿಗೆ ಧೈರ್ಯ ಬಂದದ್ದು ಇವರು ಹಾಡತೊಡಗಿದ ಮೇಲೆ. ಅದೇ ರಾತ್ರಿ ಧಣಿ ಮನೆಗೆ ಬಂದು, ಅರ್ಜಿ ಹಿಂತೆಗೆದುಕೋ, ಇಲ್ಲವೇ ತೋಟ ಬಿಡು ಎಂದ. ಹದಿನೆಂಟು ವರ್ಷ ದುಡಿದ ಜಾಗವನ್ನು ಅವರು ಆ ರಾತ್ರಿಯೇ ಬಿಟ್ಟರು. ಕೆಲವು ದಿನಗಳ ನಂತರ ಅವರು ತಂಗಿದ್ದ ಮನೆಯ ಮೇಲೆ ಗುಂಡು ಹಾರಿಸಲಾಯಿತು. ಆದರೂ ಮತ್ತೆ ಇಂಡಿಯನೋಲಾಕ್ಕೆ ಹೋಗಿ 1963ರ ಜನವರಿಯಲ್ಲಿ ಪಾಸಾದರು. ಆಗಲೂ ಮತ ಹಾಕುವಂತಿರಲಿಲ್ಲ, ಮತದಾನ ತೆರಿಗೆ ಕಟ್ಟಿದ ಎರಡು ವರ್ಷದ ರಸೀದಿ ಬೇಕಿತ್ತು.

1963ರ ಜೂನ್ 9ರಂದು ತರಬೇತಿ ಮುಗಿಸಿ ಬರುವಾಗ ವಿನೋನಾ ಎಂಬ ಊರಿನ ಬಸ್ ನಿಲ್ದಾಣದಲ್ಲಿ ಇವರನ್ನೂ ಜೊತೆಗಾರರನ್ನೂ ಬಂಧಿಸಿದರು. ಜೈಲಿನಲ್ಲಿ ಪೊಲೀಸರು ಇಬ್ಬರು ಕರಿಯ ಕೈದಿಗಳ ಕೈಗೆ ಚರ್ಮದ ಬಡಿಗೆ ಕೊಟ್ಟು ಇವರನ್ನು ಹೊಡೆಸಿದರು. ಮೂತ್ರಪಿಂಡಕ್ಕೂ ಕಣ್ಣಿಗೂ ಆದ ಪೆಟ್ಟು ಸಾಯುವವರೆಗೂ ಹೋಗಲಿಲ್ಲ. ಪೊಲೀಸರ ಮೇಲೆ ಮೊಕದ್ದಮೆ ನಡೆಯಿತು. ಬಿಳಿಯರೇ ಇದ್ದ ಜ್ಯೂರಿ ಎಲ್ಲರನ್ನೂ ಬಿಟ್ಟುಬಿಟ್ಟಿತು.

ಈಗ ಚುನಾವಣೆಯ ಮಾತು. ನಮ್ಮಲ್ಲಿ ಪಕ್ಷದ ಟಿಕೆಟ್ ಯಾರಿಗೆ ಎಂದು ಹೈಕಮಾಂಡ್ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ಅದಕ್ಕೂ ಒಂದು ಮತದಾನ, ಅದೇ ಪ್ರೈಮರಿ. ಆಗಿನ ಮಿಸಿಸಿಪ್ಪಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ ಗೆದ್ದವರು ಚುನಾವಣೆ ಗೆದ್ದ ಹಾಗೆಯೇ. ಆದ್ದರಿಂದ ಕರಿಯರನ್ನು ಪಕ್ಷದಿಂದ ಹೊರಗಿಟ್ಟರೆ ಸರ್ಕಾರದಿಂದಲೇ ಹೊರಗಿಟ್ಟಂತೆ. ರಾಜ್ಯದ ಅರ್ಹ ಕರಿಯರಲ್ಲಿ ನೂರಕ್ಕೆ 7 ಮಂದಿಯೂ ಪಟ್ಟಿಯಲ್ಲಿರಲಿಲ್ಲ. ಇಂಥ ಸ್ಥಿತಿಯಲ್ಲಿ ಹೇಮರ್ ಅವರು 1964ರ ಜೂನ್ 2ರ ಪ್ರೈಮರಿಯಲ್ಲಿ ಜೇಮಿ ವಿಟನ್ ಅವರ ವಿರುದ್ಧ ನಿಂತರು. ವಿಟನ್ 1941ರಿಂದ ಕಾಂಗ್ರೆಸ್ ಸದಸ್ಯರು, ಕೃಷಿ ಇಲಾಖೆಯ ಹಣಕಾಸು ನೋಡುವ ಉಪಸಮಿತಿಯ ಅಧ್ಯಕ್ಷರು. ಅವರಿಗೆ ಮೂವತ್ತೈದು ಸಾವಿರಕ್ಕೂ ಹೆಚ್ಚು ಮತ, ಇವರಿಗೆ 621. ಅವರು ಬದುಕಿನಲ್ಲಿ ಹಾಕಿದ ಮೊದಲ ಮತ ತಮಗೇ ಹಾಕಿಕೊಂಡದ್ದು.

ಸೋಲು ಖಚಿತವೆಂದು ಮೊದಲೇ ಗೊತ್ತಿತ್ತು. ಈ ಬಾಗಿಲು ಮುಚ್ಚಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ತಟ್ಟಿ ತೋರಿಸಬೇಕು. ನಿಂತದ್ದು ಅದಕ್ಕಾಗಿ. ಪ್ರೈಮರಿಯಾದ ಎರಡು ವಾರಕ್ಕೆ ಪಕ್ಷದ ಬೂತ್ ಮಟ್ಟದ ಸಭೆಗಳು ನಡೆಯಬೇಕಿತ್ತು. ಪಟ್ಟಿಯಲ್ಲಿದ್ದ ಕರಿಯ ಮತದಾರರು ಹೋದರು. ಕೆಲವೆಡೆ ಬಾಗಿಲಿಗೆ ಬೀಗ. ಕೆಲವೆಡೆ ಸಭೆ ಬೇರೆಲ್ಲೋ. ಕೆಲವೆಡೆ ಒಳಗೆ ಬಿಟ್ಟರೂ ಮಾತಾಡಲು ಬಿಡಲಿಲ್ಲ. ಇವರು ಪ್ರತಿಯೊಂದನ್ನೂ ಬರೆದಿಟ್ಟುಕೊಂಡರು. ಆ ಏಪ್ರಿಲ್‌ನಲ್ಲೇ ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಹುಟ್ಟಿತ್ತು. ಹೆಸರಿನಲ್ಲಿ ಪಾರ್ಟಿ ಎಂದಿದ್ದರೂ ಅದು ಎದುರು ಪಕ್ಷವಲ್ಲ. ರಾಷ್ಟ್ರೀಯ ಪಕ್ಷದ ನಿಯಮದ ಪ್ರಕಾರವೇ, ಎಲ್ಲ ಬಣ್ಣದವರಿಗೂ ತೆರೆದ ಸಭೆಗಳನ್ನು ಊರೂರಲ್ಲಿ ನಡೆಸಿ, ಆಗಸ್ಟ್ 6ರಂದು ಜಾಕ್ಸನ್ ನಗರದಲ್ಲಿ ರಾಜ್ಯ ಸಮಾವೇಶ ಸೇರಿಸಿ 68 ಪ್ರತಿನಿಧಿಗಳನ್ನು ಆರಿಸಿದರು. ಹೇಮರ್ ಅವರು ಆ ತಂಡದ ಉಪಾಧ್ಯಕ್ಷೆ. ನಿಯಮ ಪಾಲಿಸಿದವರು ನಾವು, ಆದ್ದರಿಂದ ರಾಜ್ಯದ ಸ್ಥಾನಗಳು ನಮ್ಮವು ಎಂಬುದು ಅವರ ವಾದ. ಇಡೀ ಹೋರಾಟದಲ್ಲಿ ನಮಗೆ ಬಹಳ ಮೆಚ್ಚುಗೆಯಾದದ್ದು ಈ ಜಾಣತನ. ಅದೇ ಬೇಸಿಗೆಯಲ್ಲಿ ಮತದಾರರ ನೋಂದಣಿಗಾಗಿ ದುಡಿಯುತ್ತಿದ್ದ ಮೂವರು ಯುವಕರನ್ನು ಕೊಂದು ಮಣ್ಣಿನ ಕಟ್ಟೆಯಡಿ ಹೂತಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ, ಪಕ್ಷದ ಮಹಾಧಿವೇಶನಕ್ಕೆ ಮುಂಚೆ, ಪ್ರತಿನಿಧಿಗಳ ಅರ್ಹತೆ ನೋಡುವ ಸಮಿತಿಯ ಎದುರು ಹೇಮರ್ ಅವರು ಸುಮಾರು ಎಂಟು ನಿಮಿಷ ಮಾತಾಡಿದರು. ಕೈಯಲ್ಲಿ ಚೀಟಿ ಇರಲಿಲ್ಲ. ಬಸ್ಸು, ಧಣಿ, ಗುಂಡು, ವಿನೋನಾದ ಜೈಲು ಎಲ್ಲವನ್ನೂ ನಡೆದ ಹಾಗೆಯೇ ಹೇಳಿದರು. ದೂರದರ್ಶನ ಅದನ್ನು ನೇರವಾಗಿ ತೋರಿಸುತ್ತಿತ್ತು. ಅಧ್ಯಕ್ಷ ಲಿಂಡನ್ ಜಾನ್ಸನ್ ದಿಢೀರನೆ ಪತ್ರಿಕಾಗೋಷ್ಠಿ ಕರೆದು ಕ್ಯಾಮೆರಾಗಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಉಪಾಯ ತಿರುಗುಬಾಣವಾಯಿತು. ಆ ರಾತ್ರಿಯೇ ಎಲ್ಲ ವಾಹಿನಿಗಳೂ ಆಕೆಯ ಮಾತನ್ನು ಮತ್ತೆ ಪ್ರಸಾರ ಮಾಡಿದವು, ಹಗಲು ನೋಡದಿದ್ದವರೂ ನೋಡಿದರು.

ದಕ್ಷಿಣದ ಬಿಳಿಯರ ಮತ ಕೈತಪ್ಪೀತೆಂಬ ಭಯ ಜಾನ್ಸನ್ ಅವರದು. ರಾಜಿಗೆ ಹ್ಯೂಬರ್ಟ್ ಹಂಫ್ರಿ ಅವರನ್ನು ಬಿಟ್ಟರು. ಹಂಫ್ರಿ ಕರಿಯರ ಹಕ್ಕಿಗಾಗಿ ಮೊದಲಿನಿಂದ ಮಾತಾಡಿದವರೇ. ಆದರೆ ಉಪಾಧ್ಯಕ್ಷ ಪದವಿ ಈ ರಾಜಿಯ ಮೇಲೆ ನಿಂತಿತ್ತು. ಮಿಸಿಸಿಪ್ಪಿಯ ಲಕ್ಷಾಂತರ ಕರಿಯರ ಬದುಕಿಗಿಂತ ನಿಮ್ಮ ಪದವಿ ದೊಡ್ಡದೇ ಎಂದು ಹೇಮರ್ ಅವರು ಅವರ ಮುಖಕ್ಕೇ ಕೇಳಿದರು. ಮುಂದಿನ ಮಾತುಕತೆಗೆ ಅವರನ್ನು ಕರೆಯಲಿಲ್ಲ. ಕೊನೆಗೆ ಬಂದ ಕೊಡುಗೆ ಇದು: ಎರಡು ಸ್ಥಾನ. ಅದೂ ಯಾರಿಗೆಂದು ಪಕ್ಷವೇ ಹೆಸರಿಸಿತ್ತು, ಔಷಧಿ ಅಂಗಡಿಯ ಏರನ್ ಹೆನ್ರಿ ಮತ್ತು ಕಾಲೇಜಿನ ಬಿಳಿಯ ಪಾದ್ರಿ ಎಡ್ ಕಿಂಗ್. ಉಳಿದವರು ಅತಿಥಿಗಳು. ಜೊತೆಗೆ, 1968ರಿಂದ ಬಣ್ಣದ ಭೇದ ಮಾಡುವ ರಾಜ್ಯ ತಂಡಗಳಿಗೆ ಅಧಿವೇಶನದಲ್ಲಿ ಜಾಗವಿಲ್ಲ ಎಂಬ ವಾಗ್ದಾನ.

ಒಪ್ಪಿಕೊಳ್ಳಿ, ಇದೂ ಗೆಲುವೇ ಎಂದು ದೊಡ್ಡವರು ಅನೇಕರು ಬುದ್ಧಿ ಹೇಳಿದರು. ಅವರ ಮಾತಿನಲ್ಲಿ ಹುರುಳಿರಲಿಲ್ಲ ಎಂದು ನಾವು ಹೇಳಲಾರೆವು. ಮನವಿ ಹಿಡಿದು ಕಚೇರಿಗಳಿಗೆ ಅಲೆಯುವ ಯಾವ ಸಂಘಕ್ಕೂ ಈ ಪೇಚು ಹೊಸದಲ್ಲ: ಸಿಕ್ಕಿದ್ದನ್ನು ಹಿಡಿದುಕೊಳ್ಳುವುದೋ, ಕೇಳಿದ್ದಕ್ಕೇ ನಿಲ್ಲುವುದೋ. ಹೇಮರ್ ಅವರು ನಿಂತರು. ಹೆಸರಿಸಿದ ಇಬ್ಬರಲ್ಲಿ ಹತ್ತಿ ಹೊಲದವರು ಒಬ್ಬರೂ ಇರಲಿಲ್ಲ, ಆರಿಸುವ ಹಕ್ಕನ್ನೇ ಕೇಳಲು ಬಂದವರಿಗೆ ಬೇರೆಯವರು ಆರಿಸಿ ಕೊಡುವುದು ಎಂಥ ನ್ಯಾಯ? ತಂಡ ಕೊಡುಗೆಯನ್ನು ತಿರಸ್ಕರಿಸಿತು. ಇತ್ತ ರಾಜ್ಯದ ಬಿಳಿಯ ಪ್ರತಿನಿಧಿಗಳು ಪಕ್ಷನಿಷ್ಠೆಯ ಪ್ರಮಾಣಕ್ಕೂ ಒಪ್ಪದೆ ಬೆರಳೆಣಿಕೆಯವರನ್ನು ಬಿಟ್ಟು ಎದ್ದುಹೋದರು. ನವೆಂಬರಿನಲ್ಲಿ ಮಿಸಿಸಿಪ್ಪಿ ಎದುರು ಪಕ್ಷದ ಗೋಲ್ಡ್‌ವಾಟರ್ ಅವರಿಗೆ ನೂರಕ್ಕೆ 87ರಷ್ಟು ಮತ ಕೊಟ್ಟಿತು. ಅವಮಾನಿತರಾಗಿ ಮರಳಿದ ಹೇಮರ್ ತಂಡ ಮಾತ್ರ ಜಾನ್ಸನ್ ಪರವಾಗಿಯೇ ಪ್ರಚಾರ ಮಾಡಿತು. ಪಕ್ಷಕ್ಕೆ ನಿಷ್ಠರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಮುಂದೆ ಅವರು ಒಂದು ಬಾಗಿಲು ಬಿಟ್ಟು ಇನ್ನೊಂದು ತಟ್ಟಿದರು. ಕರಿಯರನ್ನು ತಡೆದು ನಡೆದ ಚುನಾವಣೆ ಸಿಂಧುವಲ್ಲ ಎಂದು ಮಿಸಿಸಿಪ್ಪಿಯ ಐವರು ಸದಸ್ಯರ ಆಯ್ಕೆಯನ್ನೇ ಪ್ರತಿನಿಧಿ ಸಭೆಯಲ್ಲಿ ಪ್ರಶ್ನಿಸಿದರು. ಸಾಕ್ಷಿ ಹೇಳಿಕೆಗಳು ಸಾವಿರಾರು ಪುಟ. 1965ರ ಸೆಪ್ಟೆಂಬರ್ 17ರಂದು 228–143ರಿಂದ ಅದು ಬಿದ್ದುಹೋಯಿತು. ಆದರೆ 143 ಸದಸ್ಯರು ಹೇಮರ್ ಅವರ ಪರ ನಿಂತರು. ಅಷ್ಟರಲ್ಲಿ ಆಗಸ್ಟ್ 6ರಂದು ಮತದಾನ ಹಕ್ಕಿನ ಕಾಯಿದೆ ಬಂದಿತ್ತು. ಎರಡೇ ವರ್ಷದಲ್ಲಿ ರಾಜ್ಯದ ಅರ್ಹ ಕರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಿಗೆ ಸೇರಿದರು. ಈ ನಡುವೆ, 1967ರಲ್ಲಿ, ಸಾಕುಮಗಳು ಡೊರೊಥಿ ಜೀನ್ ತೀರಿಕೊಂಡರು. ಅವರ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಹೇಮರ್ ದಂಪತಿಗಳೇ ಬೆಳೆಸಿದರು.

1968ರ ಷಿಕಾಗೋ ಅಧಿವೇಶನದಲ್ಲಿ ಹಳೆಯ ವಾಗ್ದಾನ ಜಾರಿಗೆ ಬಂತು. ಮಿಸಿಸಿಪ್ಪಿಯ ಬಿಳಿಯರ ತಂಡವನ್ನು ಕೈಬಿಟ್ಟು ಕರಿಯರೂ ಬಿಳಿಯರೂ ಕೂಡಿದ ತಂಡಕ್ಕೆ ಸ್ಥಾನ ಕೊಟ್ಟರು. ಹೇಮರ್ ಅವರು ತಮ್ಮ ಜಾಗದಲ್ಲಿ ಕೂರಲು ಬಂದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದೇ ಅಧಿವೇಶನದ ನಿರ್ಣಯದಿಂದ ಹುಟ್ಟಿದ ಮೆಕ್‌ಗವರ್ನ್–ಫ್ರೇಸರ್ ಆಯೋಗ ಪಕ್ಷದ ನಿಯಮಗಳನ್ನೇ ಬದಲಿಸಿತು. ನಿಯಮಗಳು ಲಿಖಿತವಾಗಿರಬೇಕು, ಸಭೆಯ ದಿನ, ಸ್ಥಳ ಮುಂಚಿತವಾಗಿ ಸಾರಬೇಕು, ಅಲ್ಪಸಂಖ್ಯಾತರಿಗೂ ಮಹಿಳೆಯರಿಗೂ ಯುವಕರಿಗೂ ಪಾಲು ಸಿಗಬೇಕು. 1964ರ ಜೂನ್‌ನಲ್ಲಿ ಬೀಗ ಹಾಕಿದ ಬಾಗಿಲ ಮುಂದೆ ನಿಂತವರು ಬರೆದಿಟ್ಟ ದೂರುಗಳನ್ನು ನೆನೆದರೆ ಈ ನಿಯಮಗಳ ಬೆಲೆ ಗೊತ್ತಾಗುತ್ತದೆ. 1968ರಲ್ಲಿ ಪ್ರತಿನಿಧಿಗಳಲ್ಲಿ ನೂರಕ್ಕೆ 13 ಮಂದಿ ಮಹಿಳೆಯರಿದ್ದರೆ 1972ರಲ್ಲಿ 40.

ಇಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ಹೊಸ ತಂಡದಲ್ಲಿ ಓದಿದವರು, ಅನುಕೂಲಸ್ಥರು ಮುಂದೆ ಬಂದು, ಹೊಡೆತ ತಿಂದ ಹಳ್ಳಿಯ ಬಡವರು ಹಿಂದೆ ಉಳಿದರು ಎಂದು ತಮ್ಮವರ ಮೇಲೆಯೇ ಸಿಟ್ಟಾದರು. ಮತವಿದ್ದೂ ಹೊಟ್ಟೆಗಿಲ್ಲದಿದ್ದರೆ ಧಣಿಗೆ ಹೆದರಲೇಬೇಕು. ಅದಕ್ಕಾಗಿ 1969ರಲ್ಲಿ ಫ್ರೀಡಂ ಫಾರ್ಮ್ ಎಂಬ ಸಹಕಾರಿ ಕೃಷಿ ಆರಂಭಿಸಿದರು. ನಲವತ್ತು ಎಕರೆಯಿಂದ ಆರುನೂರು ದಾಟಿತು. ಬಡ ಕುಟುಂಬಗಳಿಗೆ ತರಕಾರಿ, ಸಾಕಲು ಹಂದಿ, ಮನೆ ಕಟ್ಟಲು ನೆರವು ಕೊಟ್ಟರು. ಹಣದ ಕೊರತೆ, ಪ್ರಕೃತಿಯ ಮುನಿಸು ಸೇರಿ ಕೆಲವೇ ವರ್ಷಗಳಲ್ಲಿ ಅದು ಸೊರಗಿತು. 1971ರಲ್ಲಿ ರಾಜ್ಯ ಸೆನೆಟ್‌ಗೆ ಸ್ವತಂತ್ರರಾಗಿ ನಿಂತು ಮತ್ತೆ ಸೋತರು. 1972ರ ಮಯಾಮಿ ಬೀಚ್ ಅಧಿವೇಶನಕ್ಕೆ ಅನಾರೋಗ್ಯದಲ್ಲೇ ಪ್ರತಿನಿಧಿಯಾಗಿ ಹೋಗಿ, ಉಪಾಧ್ಯಕ್ಷ ಸ್ಥಾನಕ್ಕೆ ಸಿಸ್ಸಿ ಫಾರೆಂಥೋಲ್ಡ್ ಎಂಬ ಮಹಿಳೆಯ ಹೆಸರನ್ನು ಅನುಮೋದಿಸಿದರು.

1976ರಲ್ಲಿ ಮಿಸಿಸಿಪ್ಪಿಯ ಎರಡು ಡೆಮಾಕ್ರಟಿಕ್ ಬಣಗಳು ಒಂದಾದವು. ಮರುವರ್ಷ ಮಾರ್ಚ್ 14ರಂದು ಮೌಂಡ್ ಬಾಯೂ ಆಸ್ಪತ್ರೆಯಲ್ಲಿ ಹೇಮರ್ ಅವರು ತೀರಿಕೊಂಡರು. ವಯಸ್ಸು 59, ಸ್ತನ ಕ್ಯಾನ್ಸರ್ ಇತ್ತು. ಕೈಯಲ್ಲಿ ಹಣವೆಂಬುದು ಇರಲಿಲ್ಲ. ಸಮಾಧಿ ರೂಲ್‌ವಿಲ್‌ನಲ್ಲಿ, ಸಹಕಾರಿ ಕೃಷಿಯ ನೆಲದಲ್ಲೇ ಇದೆ. 2025ರ ಜನವರಿಯಲ್ಲಿ ಅವರಿಗೆ ಮರಣೋತ್ತರವಾಗಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂತು.

ಅವರನ್ನು ಸೋಲಿಸಿದ ವಿಟನ್ 1995ರ ಜನವರಿಯವರೆಗೂ ಕಾಂಗ್ರೆಸ್ಸಿನಲ್ಲಿದ್ದರು. ಆದರೆ ಕ್ಷೇತ್ರಗಳ ಗಡಿ ಬದಲಾಗಿ, ಹೇಮರ್ ಅವರ ಸನ್‌ಫ್ಲವರ್ ಕೌಂಟಿ ಬೇರೆ ಕ್ಷೇತ್ರಕ್ಕೆ ಸೇರಿತ್ತು. 1986ರಲ್ಲಿ ಆ ಕ್ಷೇತ್ರದಿಂದ ಮೈಕ್ ಎಸ್ಪಿ ಎಂಬ ಕರಿಯ ತರುಣ, ಅದೇ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ ಗೆದ್ದು, ಕಾಂಗ್ರೆಸ್ಸಿಗೆ ಆಯ್ಕೆಯಾದರು.

– ಕಾರ್ಯದರ್ಶಿ