ಭಾರದ ಎಲೆಕ್ಟ್ರಾನ್ ಮತ್ತು ಲಾಂಡೌ

ಎಂ.ಎಸ್ಸಿ. ಓದುವಾಗ ನನಗೆ ತಲೆಗೆ ಹತ್ತದಿದ್ದ ಸಂಗತಿ ಒಂದಿತ್ತು. ಸೀರಿಯಂ, ತಾಮ್ರ, ಸಿಲಿಕಾನ್ ಸೇರಿದ ಒಂದು ಲೋಹ ಸಂಯುಕ್ತವನ್ನು ತೀರಾ ತಣಿಸಿದರೆ ಅದರೊಳಗಿನ ಎಲೆಕ್ಟ್ರಾನ್‌ಗಳು ನೂರಾರು ಪಟ್ಟು ಭಾರವಾದಂತೆ ವರ್ತಿಸುತ್ತವೆ. ಎಲೆಕ್ಟ್ರಾನ್ ದಪ್ಪಗಾಗುವುದಾದರೂ ಹೇಗೆ? ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಲೆವ್ ಲಾಂಡೌ.

1908ರಲ್ಲಿ ಬಾಕುವಿನಲ್ಲಿ ಹುಟ್ಟಿದ ಈ ಹುಡುಗ 14ನೇ ವಯಸ್ಸಿಗೇ ವಿಶ್ವವಿದ್ಯಾಲಯ ಸೇರಿದ. ಮುಂದೆ ಖಾರ್ಕೋವ್‌ನಲ್ಲಿ ಶಿಷ್ಯರಿಗಾಗಿ ಒಂದು ಪರೀಕ್ಷಾ ಸರಣಿಯನ್ನೇ ಶುರುಮಾಡಿದರು. 1961ರವರೆಗೆ ಅದರಲ್ಲಿ ತೇರ್ಗಡೆಯಾದವರು ಬರೀ 43 ಮಂದಿ. ಕಟ್ ಆಫ್ ನೋಡಿ ಕಂಗಾಲಾಗುವ ನಾವು ಒಮ್ಮೆ ಊಹಿಸಿಕೊಳ್ಳಬೇಕು!

1938ರ ಏಪ್ರಿಲ್‌ನಲ್ಲಿ ಪೊಲೀಸರು ಅವರನ್ನು ಬಂಧಿಸಿದರು. ಸ್ಟಾಲಿನ್ ಆಡಳಿತವನ್ನು ಖಂಡಿಸುವ ಕರಪತ್ರದಲ್ಲಿ ಕೈವಾಡವಿದೆ ಎಂಬುದು ಆರೋಪ. ಅಂಥ ಆರೋಪ ಹೊತ್ತ ಎಷ್ಟೋ ಮಂದಿ ಆಗ ಮರಳಿ ಬರಲೇ ಇಲ್ಲ. ಲಾಂಡೌ ಒಂದು ವರ್ಷ ಸೆರೆಯಲ್ಲಿದ್ದು ಸೊರಗಿಹೋದರು. ಅವರ ಸಂಸ್ಥೆಯ ಮುಖ್ಯಸ್ಥ ಪೀಟರ್ ಕಪಿಟ್ಸಾ ಮಾತ್ರ ಸುಮ್ಮನೆ ಕೂರಲಿಲ್ಲ. ದ್ರವ ಹೀಲಿಯಂ ತಡೆಯೇ ಇಲ್ಲದೆ ಹರಿಯುವುದನ್ನು ತಾವು ಕಂಡಿದ್ದೇವೆ, ಅದನ್ನು ವಿವರಿಸಲು ಈ ಮನುಷ್ಯನೇ ಬೇಕು ಎಂದು ಸರ್ಕಾರಕ್ಕೆ ಪತ್ರ ಬರೆದರು, ಕೊನೆಗೆ ತಾವೇ ಜಾಮೀನು ನಿಂತರು. ಆ ಕಾಲದಲ್ಲಿ ಹಾಗೆ ಸಹಿ ಹಾಕುವುದು ಎಂದರೆ ತಮ್ಮ ಕೊರಳನ್ನೇ ಒಡ್ಡಿದಂತೆ. ಹೊರಬಂದ ಲಾಂಡೌ 1941ರಲ್ಲಿ ಹೀಲಿಯಂ ಒಗಟಿಗೆ ಸಿದ್ಧಾಂತ ಕೊಟ್ಟರು. 1950ರಲ್ಲಿ ಗಿಂಜ್‌ಬರ್ಗ್ ಜೊತೆ ಸೂಪರ್‌ಕಂಡಕ್ಟಿವಿಟಿಗೂ ಸಮೀಕರಣ ಬರೆದರು.

ನನ್ನ ಪ್ರಶ್ನೆಗೆ ಉತ್ತರವಿದ್ದದ್ದು 1956ರ ಅವರ ಕೆಲಸದಲ್ಲಿ. ಜಾತ್ರೆಯ ನೂಕುನುಗ್ಗಲಲ್ಲಿ ನಡೆಯುವವನ ಮೈತೂಕ ಹೆಚ್ಚುವುದಿಲ್ಲ, ಆದರೂ ಹೆಜ್ಜೆ ಭಾರವಾಗುತ್ತದೆ. ಹಾಗೆಯೇ ಒಂದನ್ನೊಂದು ತಳ್ಳುವ ಕಣಗಳ ಗುಂಪನ್ನು, ಬೇರೆ ತೂಕದ ಬಿಡಿ ಕಣಗಳೆಂದೇ ಎಣಿಸಿ ಲೆಕ್ಕ ಹಾಕಬಹುದೆಂದು ಅವರು ತೋರಿಸಿದರು. ಅವರು ಯೋಚಿಸುತ್ತಿದ್ದದ್ದು ಹೀಲಿಯಂ-3ರ ಬಗ್ಗೆ. ಲೆಕ್ಕ ಲೋಹಗಳಿಗೂ ಒಗ್ಗಿತು.

1962ರ ಜನವರಿಯಲ್ಲಿ ಕಾರು ಅಪಘಾತವಾಗಿ ಲಾಂಡೌ ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದರು. ಅದೇ ವರ್ಷದ ನೊಬೆಲ್ ಪ್ರಶಸ್ತಿ ಮಾಸ್ಕೋದ ಆಸ್ಪತ್ರೆಗೇ ಬಂತು. ಮತ್ತೆ ಅವರಿಂದ ಸಂಶೋಧನೆ ಆಗಲಿಲ್ಲ. 1968ರಲ್ಲಿ ತೀರಿಕೊಂಡರು.

ಕಾಂತೀಯ ಪರಮಾಣುಗಳು ಸೇರಿದರೆ ಸೂಪರ್‌ಕಂಡಕ್ಟಿವಿಟಿ ಕೆಡುತ್ತದೆ ಎಂದು ಆಗೆಲ್ಲ ನಂಬಿದ್ದರು. 1979ರಲ್ಲಿ ಜರ್ಮನಿಯ ಫ್ರಾಂಕ್ ಸ್ಟೆಗ್ಲಿಶ್ ಮತ್ತು ಸಂಗಡಿಗರು ಆ ಸೀರಿಯಂ ಸಂಯುಕ್ತವನ್ನು ಸುಮಾರು ಅರ್ಧ ಕೆಲ್ವಿನ್‌ಗೆ ತಣಿಸಿದಾಗ, ಲಾಂಡೌ ಲೆಕ್ಕದ ಆ ಭಾರದ ಎಲೆಕ್ಟ್ರಾನ್‌ಗಳೇ ಜೋಡಿಯಾಗಿ, ತಡೆಯಿಲ್ಲದೆ ಹರಿದವು.