ಬಾಬಾಸಾಹೇಬರು ಮತ್ತು ಬಟವಾಡೆ ಪುಸ್ತಕ



ಬಾಬಾಸಾಹೇಬರ ಬದುಕನ್ನು ನಾವು ಮಹಾಡ್ ಕೆರೆಯಿಂದ ಸಂವಿಧಾನಕ್ಕೆ, ಅಲ್ಲಿಂದ ನಾಗಪುರದ ದೀಕ್ಷಾಭೂಮಿಗೆ ಹೇಳಿಕೊಂಡು ಬರುತ್ತೇವೆ. ನಡುವೆ ನಾಲ್ಕು ವರ್ಷ ಅವರು ಇಡೀ ದೇಶದ ಕಾರ್ಮಿಕ ಖಾತೆ ನೋಡಿಕೊಂಡಿದ್ದರು. ಇವತ್ತು ಆ ನಾಲ್ಕು ವರ್ಷಗಳನ್ನು ನೆನೆಯೋಣ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ನಮಗೆ ಕೂಲಿಯ ಲೆಕ್ಕ ದೂರದ ವಿಷಯವಲ್ಲ. ನನ್ನ ತರಗತಿಯ ಎಷ್ಟೋ ಮಕ್ಕಳ ಮನೆಯಲ್ಲಿ ಸಂತೆ, ಔಷಧಿ, ನೋಟ್‌ಬುಕ್ಕು ಎಲ್ಲವೂ ಎಸ್ಟೇಟಿನ ಬಟವಾಡೆ ದಿನಕ್ಕೆ ಕಾಯುತ್ತವೆ.

1891ರ ಏಪ್ರಿಲ್ 14ರಂದು ಹುಟ್ಟಿದ ಭೀಮರಾಯರು ಬೆಳೆದದ್ದು ಮುಂಬೈನ ಪರೇಲ್ ಭಾಗದಲ್ಲಿ, ಗಿರಣಿ ಕಾರ್ಮಿಕರ ಚಾಳಿನ ನಡುವೆ. ಆ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದುದು ನೇಯ್ಗೆ ವಿಭಾಗದಲ್ಲಿ. ಅಲ್ಲಿ ನೂಲನ್ನು ಬಾಯಲ್ಲಿ ಎಳೆಯಬೇಕಿತ್ತು. ಆ ಕಾರಣಕ್ಕೇ ನಮ್ಮವರಿಗೆ ಅದರ ಬಾಗಿಲು ಮುಚ್ಚಿತ್ತು. ಜಾತಿ ಎಂಬುದು ಮೈಲಿಗೆಯಲ್ಲಿ ಮಾತ್ರವಲ್ಲ, ಸಂಬಳದಲ್ಲೂ ಇತ್ತು. 1928ರ ಗಿರಣಿ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕಾರ್ಮಿಕ ಮುಖಂಡರ ಮುಂದೆಯೇ ಇಟ್ಟರು.

ಅದೇ ವರ್ಷ ಅವರು ಮುಂಬೈ ಶಾಸನ ಪರಿಷತ್ತಿನಲ್ಲಿ ಮಹಾರ್ ವತನದ ಬಗ್ಗೆ ಮಸೂದೆ ಮಂಡಿಸಿದರು. ಒಂದು ತುಂಡು ಇನಾಂ ಭೂಮಿ ಮತ್ತು ಊರವರು ಕೊಟ್ಟ ಕಾಳಿಗಾಗಿ ಮಹಾರರು ಹಗಲು ರಾತ್ರಿ ಸರ್ಕಾರದ ಕೆಲಸ ಮಾಡಬೇಕಿತ್ತು. ಗೊತ್ತಾದ ಹೊತ್ತಿಲ್ಲ, ಗೊತ್ತಾದ ಸಂಬಳವಿಲ್ಲ. ನಮ್ಮ ಕಡೆಯ ಹಿರಿಯರಿಗೆ ಬಿಟ್ಟಿ ಚಾಕರಿ ಎಂದರೆ ಸಾಕು, ಅರ್ಥವಾಗುತ್ತದೆ. ಇಲ್ಲಿ ಕೂಲಿ ಕೊಡದ ಧಣಿ ಬೇರೆ ಯಾರೂ ಅಲ್ಲ, ಸರ್ಕಾರವೇ. ಬಾಬಾಸಾಹೇಬರು ಲೆಕ್ಕ ಕೇಳಿದ್ದು ಆ ಸರ್ಕಾರವನ್ನೇ.

1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1942ರ ಜುಲೈನಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಸರ್ಕಾರಿ ಕಟ್ಟಡ ಕಾಮಗಾರಿಗಳೂ ಗಣಿಗಳೂ ಅದೇ ಖಾತೆಗೆ ಸೇರಿದ್ದವು. ಕಡತ ನೋಡಿ ಸುಮ್ಮನಾಗದೆ 1943ರ ಡಿಸೆಂಬರಿನಲ್ಲಿ ಧನಬಾದಿನ ಕಲ್ಲಿದ್ದಲು ಗಣಿಯೊಳಗೆ ಇಳಿದು ದುಡಿಯುವವರನ್ನು ಕಂಡರು. 1944ರಲ್ಲಿ ನೇಮಕವಾದ ರೇಗೆ ಸಮಿತಿ ದೇಶದ ಕಾರ್ಮಿಕರ ಸ್ಥಿತಿಯನ್ನು ವಿಚಾರಿಸಿತು. ತೋಟಗಳಲ್ಲಿ ದುಡಿಯುವವರ ಬಗ್ಗೆಯೂ ಅದರ ಪ್ರತ್ಯೇಕ ವರದಿ ಬಂತು. 1946ರ ತಿದ್ದುಪಡಿಯಿಂದ ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು.

ಕಾಯ್ದೆ ಬರೆದರೆ ಸಾಲದು, ಹಾಜರಿ ಪುಸ್ತಕ ತೆರೆದು ನೋಡುವವರೂ ಬೇಕು. 1945ರಲ್ಲಿ ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಸಂಸ್ಥೆ ಶುರುವಾಯಿತು. ಸರ್ಕಾರಿ ಗುತ್ತಿಗೆ ಹಿಡಿದವರು ನ್ಯಾಯವಾದ ಕೂಲಿ ಕೊಡಬೇಕೆಂಬ ಷರತ್ತು ಕರಾರಿನಲ್ಲೇ ಇರಬೇಕೆಂಬ ವಿಷಯ, ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕೂರುವ ತ್ರಿಪಕ್ಷೀಯ ಸಭೆಗಳಲ್ಲಿ ಚರ್ಚೆಗೆ ಬಂತು. 1946ರ ಏಪ್ರಿಲ್ 11ರಂದು ಅವರು ಕನಿಷ್ಠ ಕೂಲಿ ಮಸೂದೆ ಮಂಡಿಸಿದರು. ಅದು ಕಾಯ್ದೆಯಾದದ್ದು 1948ರಲ್ಲಿ. ಅಷ್ಟರಲ್ಲಿ ಅವರು ಕಾನೂನು ಮಂತ್ರಿಯಾಗಿದ್ದರು. ಆಮೇಲೆ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು.

ಅವರು ಪರಿನಿಬ್ಬಾಣ ಹೊಂದಿ 26 ವರ್ಷಗಳಾದ ಮೇಲೆ ಆ ವಿಧಿ ಮತ್ತೆ ಮಾತಾಡಿತು. ದೆಹಲಿಯ ಏಷ್ಯಾಡ್ ಕಾಮಗಾರಿಗಳಲ್ಲಿ ಗುತ್ತಿಗೆದಾರರು ಕಡಿಮೆ ಕೂಲಿ ಕೊಡುತ್ತಿದ್ದಾರೆಂಬ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. 1982ರ ತೀರ್ಪು ಎರಡು ಮಾತು ಸ್ಪಷ್ಟ ಮಾಡಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ. ಗುತ್ತಿಗೆದಾರನ ಕಡೆ ಬೆರಳು ತೋರಿಸಿ ಸರ್ಕಾರ ತನ್ನ ಹೊಣೆ ಕಳಚಿಕೊಳ್ಳುವಂತಿಲ್ಲ.

ಇನ್ನು ಧಮ್ಮದ ಮಾತು. ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಒಡೆಯನ ಕರ್ತವ್ಯಗಳನ್ನೂ ಎಣಿಸುತ್ತಾರೆ: ಶಕ್ತಿಗೆ ತಕ್ಕ ಕೆಲಸ, ಅನ್ನ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ತಕ್ಕ ಹೊತ್ತಿಗೆ ಬಿಡುವು. ನಾವು ದಿನವೂ ಹೇಳುವ ಎರಡನೆಯ ಶೀಲ, ಕೊಡದಿದ್ದುದನ್ನು ತೆಗೆದುಕೊಳ್ಳದಿರುವುದು. ಒಬ್ಬಳ ಒಂದು ಗಂಟೆಯ ದುಡಿಮೆ ಪಡೆದು ಅದರ ಕೂಲಿ ಇಟ್ಟುಕೊಂಡರೆ, ಅವಳು ಕೊಡದಿದ್ದುದನ್ನು ತೆಗೆದುಕೊಂಡಂತೆ. ಬೀಗ ಮುರಿಯದೆಯೂ ಅದು ಕಳವೇ.

ಈ ಮಾತನ್ನು ಇಷ್ಟು ದಿನ ನಾವು ಧಣಿಗಳ ಕಡೆ ತಿರುಗಿ ಹೇಳುತ್ತಿದ್ದೆವು. ಈಗ ಸರ್ಕಾರಿ ಕಾಮಗಾರಿಗಳ ಟೆಂಡರಿನಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಬಂದಿದೆ. ನಮ್ಮ ಹುಡುಗರೂ ರಸ್ತೆ, ಚರಂಡಿ, ಶಾಲಾ ಕಟ್ಟಡದ ಗುತ್ತಿಗೆ ಹಿಡಿಯುತ್ತಿದ್ದಾರೆ. ನನಗದು ಹೆಮ್ಮೆಯೇ. ಬಿಲ್ಲು ತಡವಾಗುವುದು, ಸಾಲದ ಬಡ್ಡಿ ಏರುವುದು, ಅವರ ಕಷ್ಟಗಳೂ ನಿಜ. ಆದರೆ ಆ ತಡದ ಭಾರ ಮೊದಲು ಬೀಳುವುದು ಜಲ್ಲಿ ಹೊರುವ ಹೆಂಗಸಿನ ಮೇಲಾದರೆ, ಕುರ್ಚಿಯಲ್ಲಿ ಕೂತವರು ಬದಲಾದರೇ ಹೊರತು ವ್ಯವಸ್ಥೆ ಬದಲಾಗಲಿಲ್ಲ.

ಹಳೆಯ ಕಾಯ್ದೆಗಳು ಈಗ ಹೊಸ ಸಂಹಿತೆಗಳಲ್ಲಿ ಸೇರಿವೆ. ತಿರುಳು ಅದೇ. ಕನಿಷ್ಠ ಕೂಲಿಗೆ ಕಡಿಮೆ ಕೊಡುವಂತಿಲ್ಲ. ನಿಗದಿತ ಹೊತ್ತು ಮೀರಿದ ದುಡಿಮೆಗೆ ಎರಡು ಪಟ್ಟು ಕೊಡಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈ ಸೇರಬೇಕು. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿದ ಮೂಲ ಮಾಲೀಕನೇ ಕೊಟ್ಟು, ಅವನಿಂದ ವಸೂಲಿ ಮಾಡಿಕೊಳ್ಳಬೇಕು.

ಇಂದು ಧ್ಯಾನಕ್ಕೆ ಕೂರುವಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ನನ್ನ ಮನೆ, ತೋಟ, ಕಾಮಗಾರಿಯಲ್ಲಿ ದುಡಿದವರಿಗೆ ನಾನು ಬಾಕಿ ಇಟ್ಟಿದ್ದೇನೆಯೆ? ಹೆಂಗಸಿಗೆ ಹೆಂಗಸೆಂದೇ ಕಡಿಮೆ ಕೊಟ್ಟಿದ್ದೇನೆಯೆ? ಅವರು ಹೆಬ್ಬೆಟ್ಟು ಒತ್ತಿದ ಮೊತ್ತವೂ ಕೈಗೆ ಕೊಟ್ಟ ಮೊತ್ತವೂ ಒಂದೇ ಆಗಿತ್ತೆ?

ಬಾಕಿ ಇದ್ದರೆ ಇವತ್ತೇ ಕೊಟ್ಟುಬಿಡೋಣ.

ಜೈ ಭೀಮ್. ನಮೋ ಬುದ್ಧಾಯ. 🙏